ಶಟ್ಲ್ ಬ್ಯಾಡ್ಮಿಂಟನ್ ಹುಟ್ಟಿದ್ದು ಪುಣೆಯಲ್ಲೋ, ಇಂಗ್ಲೆಂಡಿನಲ್ಲೋ? ಪಂದ್ಯಾಟದ ಮೈಕಿಗೆ ಎಂತ ಬರೆದುಕೊಡುವುದು?

ಬದಿಯಡ್ಕ ಬ್ಯಾಕ್‌ಹ್ಯಾಂಡ್
ಎಲ್ಲರಿಗೂ ನಮಸ್ಕಾರ. ನಮ್ಮ ಕ್ಲಬ್ಬಿನ ಹೊನಲು ಬೆಳಕಿನ ಶಟ್ಲ್ ಪಂದ್ಯಾಟ ಬರುವ ತಿಂಗಳು ಉಂಟು. ಕಳೆದ ವರ್ಷ ಉದ್ಘಾಟನೆಗೆ ಬಂದ ಅತಿಥಿಗಳು "ಇದು ನಮ್ಮ ಪುಣೆಯಲ್ಲಿ ಹುಟ್ಟಿದ ಆಟ, ಬ್ರಿಟಿಷರು ಕದ್ದುಕೊಂಡು ಹೋಗಿ ತಮ್ಮ ಹೆಸರಿಟ್ಟರು" ಎಂದು ಭಾಷಣ ಬಿಗಿದರು. ಚಪ್ಪಾಳೆ ಬಿತ್ತು. ಅವರು ಸ್ಟೇಜ್ ಇಳಿಯುವುದೇ ತಡ, ನಮ್ಮದೇ ಸದಸ್ಯರೊಬ್ಬರು "ಎಂತ ಸುಳ್ಳು ಮಾರಾಯ್ರೆ, ಅದು ಇಂಗ್ಲೆಂಡಿನ ಒಂದು ಬಂಗಲೆಯಲ್ಲಿ ಶುರುವಾದ ಆಟ" ಎಂದು ಜಗಳ ತೆಗೆದರು. ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಮುಗಿದಿಲ್ಲ.

ಈ ಸಲ ಮೈಕಿನವರಿಗೆ ಐದಾರು ವಾಕ್ಯ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂದಿದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಒಂದು ಕಡೆ ಪುಣೆ, ಇನ್ನೊಂದು ಕಡೆ ಚೀನಾ, ಮತ್ತೊಂದು ಕಡೆ ಗ್ರೀಸ್. ಇಲ್ಲಿ ಆಟ ಗೊತ್ತಿದ್ದವರೂ ಓದಿದವರೂ ಇದ್ದೀರಿ. ಯಾವುದು ಸರಿ ಎಂದು ಸ್ವಲ್ಪ ಬಿಡಿಸಿ ಹೇಳಿ.

ಗಡಿನಾಡಿಗ 56
ಪುಣೆ. ಇದರಲ್ಲಿ ಚರ್ಚೆ ಎಂತ? ಆಟದ ಹಳೇ ಹೆಸರೇ ಪೂನಾ. ಬ್ರಿಟಿಷ್ ಸೈನ್ಯದ ಆಫೀಸರುಗಳು ಪುಣೆಯ ದಂಡಿನಲ್ಲಿ ಆಡುತ್ತಿದ್ದರು, ರಜೆಗೆ ಊರಿಗೆ ಹೋದಾಗ ಕೊಂಡುಹೋದರು. ಮುಗಿಯಿತು.

ಕುಂಬಳೆ ಎಕ್ಸ್‌ಪ್ರೆಸ್
ಮುಗಿಯಿತಂತೆ. ಬ್ರಿಟಿಷ್ ಆಫೀಸರುಗಳು ಆಡುತ್ತಿದ್ದರು ಎಂದು ನೀವೇ ಹೇಳಿದಿರಲ್ಲ ಅಣ್ಣ, ಮತ್ತೆ ಅದು ನಮ್ಮ ಆಟ ಹೇಗೆ ಆಯಿತು? ಅವರು ಇಲ್ಲಿ ಕ್ರಿಕೆಟ್ಟೂ ಆಡುತ್ತಿದ್ದರು.

ಗಡಿನಾಡಿಗ 56
ಕ್ರಿಕೆಟ್ ಅಲ್ಲಿಂದ ಇಲ್ಲಿಗೆ ಬಂತು. ಇದು ಇಲ್ಲಿಂದ ಅಲ್ಲಿಗೆ ಹೋಯಿತು. ವ್ಯತ್ಯಾಸ ಉಂಟು.

ನಿವೃತ್ತ ಡ್ರಿಲ್ ಮಾಷ್ಟ್ರು
ಇಬ್ಬರೂ ಸ್ವಲ್ಪ ನಿಲ್ಲಿ. ಈ ವಿಷಯವನ್ನು ಮೂರು ತುಂಡು ಮಾಡದೆ ಮಾತಾಡಿದರೆ ಜಗಳ ಬಿಟ್ಟು ಬೇರೆ ಎಂತದೂ ಹುಟ್ಟುವುದಿಲ್ಲ. ಗರಿ ಚುಚ್ಚಿದ ಬುರುಡೆಯನ್ನು ಹೊಡೆದು ಆಡುವುದು ಒಂದು. ನಡುವೆ ಬಲೆ ಕಟ್ಟಿ ಎರಡು ಪಕ್ಷ ಮಾಡಿ ಆಡುವುದು ಇನ್ನೊಂದು. ಅದಕ್ಕೆ ನಿಯಮ ಬರೆದು ಅಂಕ ಹಾಕಿ ಸೋಲು ಗೆಲುವು ತೀರ್ಮಾನ ಮಾಡುವುದು ಮೂರನೆಯದು.

ಮೊದಲನೆಯದಕ್ಕೆ ಊರು ಹುಡುಕಬೇಡಿ, ಸಿಗುವುದಿಲ್ಲ. ಚೀನಾದಲ್ಲಿ ಕಾಲಿನಲ್ಲಿ ಒದ್ದು ಆಡುತ್ತಾರೆ, ಜಿಯಾನ್ಜಿ ಎನ್ನುತ್ತಾರೆ. ಜಪಾನಿನಲ್ಲಿ ಹೊಸ ವರ್ಷಕ್ಕೆ ಹೆಣ್ಣುಮಕ್ಕಳು ಚಿತ್ರ ಬರೆದ ಮರದ ಹಲಗೆಯಲ್ಲಿ ಹೊಡೆದು ಆಡುವ ಹಾನೆತ್ಸುಕಿ ಉಂಟು. ಇಂಗ್ಲೆಂಡಿನಲ್ಲಿ ಬ್ಯಾಟಲ್‌ಡೋರ್ ಅಂಡ್ ಶಟಲ್‌ಕಾಕ್ ಎಂಬ ಮಕ್ಕಳಾಟ ನೂರಾರು ವರ್ಷದಿಂದ ಇತ್ತು. ಅದರಲ್ಲಿ ಬಲೆ ಇಲ್ಲ, ಗೆರೆ ಇಲ್ಲ, ಎದುರಾಳಿಯೂ ಇಲ್ಲ. ಇಬ್ಬರೂ ಸೇರಿ ನೆಲಕ್ಕೆ ಬೀಳದ ಹಾಗೆ ಎಷ್ಟು ಹೊಡೆತ ಎಂದು ಎಣಿಸುವುದು, ಅಷ್ಟೇ.

ಜಗಳ ಇರುವುದು ಎರಡನೆಯದರಲ್ಲಿ ಮಾತ್ರ. ಬಲೆ ಮೊದಲು ಕಟ್ಟಿದ್ದು ಯಾರು?

ಮುಳ್ಳೇರಿಯ ಮಾಣಿ
ಮಾಷ್ಟ್ರೇ, ಎದುರಾಳಿ ಇಲ್ಲದೆ ಎಣಿಸಿಕೊಂಡು ಆಡುವುದು ಎಂದರೆ ನಾವು ಅಂಗಳದಲ್ಲಿ ಆಡುವುದು ಅದೇ ಆಯಿತಲ್ಲ! ತಂಗಿ, ನಾನು, ಎರಡು ಬ್ಯಾಟು. ಬಲೆಗೆ ದುಡ್ಡಿಲ್ಲ.

ನಿವೃತ್ತ ಡ್ರಿಲ್ ಮಾಷ್ಟ್ರು
ಹೌದು ಮಾಣಿ, ನೀನು 1830ರ ಆಟ ಆಡುತ್ತಿದ್ದಿ. ಇಂಗ್ಲೆಂಡಿನ ಆ ಬ್ಯಾಡ್ಮಿಂಟನ್ ಹೌಸಿನಲ್ಲಿ ಆ ಕಾಲದ ಒಂದು ಬ್ಯಾಟಿನ ಮೇಲೆ ಮನೆಯ ಹೆಂಗಸಿನ ಜೊತೆ 2117 ಹೊಡೆತದವರೆಗೆ ಬೀಳದೆ ಆಡಿದ್ದೇವೆ ಎಂದು ಬರೆದಿಟ್ಟಿದ್ದಾರೆ.

ಮುಳ್ಳೇರಿಯ ಮಾಣಿ
2117!! ನಮ್ಮದು ಐವತ್ತು ದಾಟುವಷ್ಟರಲ್ಲಿ ಶಟ್ಲ್ ಅಡಕೆ ಮರದ ಹೆಡೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಸುಮ್ನೆ ಓದುವವ
ಬ್ಯಾಡ್ಮಿಂಟನ್ ಹೌಸ್ ಎಂದರೆ ಎಂತ? ಕ್ಲಬ್ಬಾ?

ನೀರ್ಚಾಲು ಅಕ್ಕ
ಕ್ಲಬ್ ಅಲ್ಲ, ದೊರೆಗಳ ಮನೆ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನಲ್ಲಿ ಉಂಟು, ಬೋಫರ್ಟ್ ಡ್ಯೂಕುಗಳ ಮನೆತನದ್ದು. ಬ್ಯಾಡ್ಮಿಂಟನ್ ಎನ್ನುವುದು ಅಲ್ಲಿಯ ಹಳ್ಳಿಯ ಹೆಸರು. ಆಟಕ್ಕೆ ಹೆಸರು ಬಂದದ್ದು ಅಲ್ಲಿಂದಲೇ, ಅದರಲ್ಲಿ ಯಾರಿಗೂ ತಕರಾರಿಲ್ಲ. ಸಾಮಾನ್ಯವಾಗಿ ಎಲ್ಲರೂ ಹೇಳುವ ಕಥೆ ಇದು: 1873ರ ಹೊತ್ತಿಗೆ ಭಾರತದಿಂದ ರಜೆಗೆ ಹೋದ ಆಫೀಸರುಗಳು ಆ ಮನೆಯ ಔತಣದಲ್ಲಿ ಪೂನಾ ಆಟ ತೋರಿಸಿದರು, ಅತಿಥಿಗಳು "ಬ್ಯಾಡ್ಮಿಂಟನ್ನಿನಲ್ಲಿ ಆಡಿದ ಆ ಆಟ" ಎಂದು ಹೇಳಿ ಹೇಳಿ ಅದೇ ಹೆಸರು ನಿಂತಿತು.

ಕಥೆ ಚೆನ್ನಾಗಿ ಉಂಟು. ಆದರೆ ಗಡಿನಾಡಿಗರೇ, ಅದಕ್ಕೆ ಎರಡು ಕಡೆ ಪೆಟ್ಟು ಬೀಳುತ್ತದೆ. ಐಸಾಕ್ ಸ್ಪ್ರಾಟ್ ಎಂಬ ಲಂಡನ್ನಿನ ಆಟಿಕೆ ವ್ಯಾಪಾರಿ 1860ರಲ್ಲೇ ಬ್ಯಾಡ್ಮಿಂಟನ್ ಹೆಸರಿನ ಹೊಸ ಆಟದ ಬಗ್ಗೆ ಕಿರುಹೊತ್ತಿಗೆ ಮಾಡಿದ್ದ. ಅದರ ಒಂದು ಪ್ರತಿಯೂ ಉಳಿದಿಲ್ಲ. ಉಳಿದ ಸಾಕ್ಷಿ ಎಂದರೆ 1863ರ ಕಾರ್ನ್‌ಹಿಲ್ ಪತ್ರಿಕೆಯ ಲೇಖನ. ಬ್ಯಾಟಲ್‌ಡೋರನ್ನೇ ಪಕ್ಷ ಕಟ್ಟಿಕೊಂಡು, ನೆಲದಿಂದ ಸುಮಾರು ಐದು ಅಡಿ ಎತ್ತರಕ್ಕೆ ಕಟ್ಟಿದ ಹಗ್ಗದ ಆಚೆ ಈಚೆ ನಿಂತು ಆಡುವುದು ಎಂದು ಅದರಲ್ಲಿ ಬ್ಯಾಡ್ಮಿಂಟನ್ನಿನ ವಿವರ ಉಂಟು. ಅಂದರೆ 1873ಕ್ಕೆ ಹತ್ತು ವರ್ಷ ಮೊದಲೇ ಹಗ್ಗವೂ ಇತ್ತು, ಹೆಸರೂ ಇತ್ತು, ಎರಡೂ ಇಂಗ್ಲೆಂಡಿನಲ್ಲಿ.

ಕುಂಬಳೆ ಎಕ್ಸ್‌ಪ್ರೆಸ್
ಅಕ್ಕ 👏👏 ಐದು ಅಡಿ ನೋಡಿ. ಈಗಲೂ ಬಲೆ ನಡುವಿನಲ್ಲಿ ಐದು ಅಡಿಯೇ ಅಲ್ವಾ?

ನಿವೃತ್ತ ಡ್ರಿಲ್ ಮಾಷ್ಟ್ರು
ಸರಿಯಾಗಿ ಐದು ಅಡಿ, 1.524 ಮೀಟರ್. ಕಂಬದ ಹತ್ತಿರ 1.55 ಮೀಟರ್. ನಮ್ಮ ಊರಿನ ಪಂದ್ಯಾಟಗಳಲ್ಲಿ ಮಾತ್ರ ಬಲೆಯ ನಡುಭಾಗ ಜೋತು ನಾಲ್ಕೂವರೆ ಅಡಿಗೆ ಇಳಿದಿರುತ್ತದೆ, ಕೇಳಿದರೆ ಎರಡೂ ಕಡೆಗೆ ಒಂದೇ ಅಲ್ವಾ ಎನ್ನುತ್ತಾರೆ.

ಗಡಿನಾಡಿಗ 56
ಅಕ್ಕ, ಆ ಲೇಖನ ನಾನೂ ಬಲ್ಲೆ. ಅದರಿಂದ ಎಂತ ಸಾಬೀತಾಯಿತು? 1863ರಲ್ಲಿ ಇಂಗ್ಲೆಂಡಿನಲ್ಲಿ ಹಗ್ಗ ಕಟ್ಟಿದ್ದರು, ಸರಿ. ಆ ಹಗ್ಗ ಕಟ್ಟುವ ಬುದ್ಧಿ ಯಾರು ಕೊಟ್ಟದ್ದು? 1850ರ ದಶಕದಲ್ಲೇ ಸೈನ್ಯದವರು ಇಲ್ಲಿಂದ ಅಲ್ಲಿಗೆ ಹೋಗಿ ಬಂದು ಮಾಡುತ್ತಿದ್ದರು. ನಿಯಮ ಬರೆದದ್ದಂತೂ ಮೊದಲು ಪುಣೆಯಲ್ಲಿ, ಅದನ್ನು ಇಂಗ್ಲಿಷಿನವರೇ ಒಪ್ಪುತ್ತಾರೆ. ಒಂದು ಆಟಕ್ಕೆ ನಿಯಮವೇ ಜೀವ. ಹಗ್ಗ ಯಾರು ಬೇಕಾದರೂ ಕಟ್ಟುತ್ತಾರೆ, ಬಟ್ಟೆ ಒಣಗಿಸಲಿಕ್ಕೂ ಕಟ್ಟುತ್ತಾರೆ.

ನೀರ್ಚಾಲು ಅಕ್ಕ
ಬುದ್ಧಿ ಯಾರು ಕೊಟ್ಟದ್ದು ಎಂದು ಕೇಳಿದರೆ ನಾನು ಎಂತ ಹೇಳಲಿ. ಆ ಕಾಲಕ್ಕೆ ಸೂಯೆಜ್ ಕಾಲುವೆ ಇಲ್ಲ, ಅದು ತೆರೆದದ್ದು 1869ರಲ್ಲಿ. ಜನ ಬರಲಿಕ್ಕೂ ಹೋಗಲಿಕ್ಕೂ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಆದರೂ ಮನೆಯಲ್ಲಿ ಚಿಕ್ಕವರಿರುವಾಗ ಬ್ಯಾಟಲ್‌ಡೋರ್ ಆಡಿದ ಹುಡುಗರೇ ದೊಡ್ಡವರಾಗಿ ಸೈನ್ಯ ಸೇರಿ ಪುಣೆಗೆ ಬಂದದ್ದಲ್ವಾ? ಅವರು ಪೆಟ್ಟಿಗೆಯಲ್ಲಿ ಬ್ಯಾಟು ತಂದಿರಬಾರದಾ? ನೀವು ಇಲ್ಲಿಂದ ಹೋದದ್ದನ್ನು ಮಾತ್ರ ಲೆಕ್ಕ ಹಾಕುತ್ತೀರಿ, ಇಲ್ಲಿಗೆ ಬಂದದ್ದನ್ನು ಬಿಡುತ್ತೀರಿ.

ನಿಯಮ ಪುಣೆಯಲ್ಲಿ ಮೊದಲು ಬಂತು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಅದನ್ನು ಬರೆದವರು ಪುಣೆಯ ಪೇಟೆಯ ಜನ ಅಲ್ಲ, ದಂಡಿನ ಸಾಹೇಬರುಗಳು. ಅವರ ಅಂಗಳಕ್ಕೆ ಊರಿನವರಿಗೆ ಪ್ರವೇಶವೇ ಇರಲಿಲ್ಲ ಎನ್ನುವುದನ್ನೂ ಭಾಷಣದಲ್ಲಿ ಹೇಳಬೇಕು ಅಲ್ವಾ.

ಜತ್ತದವ
ಮಹಾರಾಷ್ಟ್ರದ ಗಡಿಯಿಂದ ಒಂದು ಮಾತು. ನಾನು ಜತ್ತ ತಾಲೂಕಿನವ, ಸಾಂಗ್ಲಿ ಜಿಲ್ಲೆ, ಕನ್ನಡ ಮನೆಮಾತು. ಪುಣೆಯ ಮೇಲೆ ಇಷ್ಟು ಪ್ರೀತಿ ಕಾಸರಗೋಡಿನವರಿಗೆ ಹೇಗೆ ಬಂತು ಎಂದು ಖುಷಿ ಆಯಿತು 😄 ಪುಣೆ ಬಿಡಿ, ನಮ್ಮ ಸಾಂಗ್ಲಿಯ ಹೆಸರನ್ನು ಯಾರೂ ತೆಗೆಯಲಿಲ್ಲವಲ್ಲ! ನಂದು ನಾಟೇಕರ್ ಹುಟ್ಟಿದ್ದು ಸಾಂಗ್ಲಿಯಲ್ಲಿ. 1956ರಲ್ಲಿ ಕೌಲಾಲಂಪುರದ ಸೆಲಾಂಗೊರ್ ಟೂರ್ನಿ ಗೆದ್ದರು. ಹೊರದೇಶದಲ್ಲಿ ಅಂತಾರಾಷ್ಟ್ರೀಯ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಬ್ಯಾಡ್ಮಿಂಟನ್ ಆಟಗಾರ ಅವರು. ಅರ್ಜುನ ಪ್ರಶಸ್ತಿ ಶುರುವಾದ 1961ರಲ್ಲೇ ಅವರಿಗೆ ಕೊಟ್ಟರು. ಚಿಕ್ಕಂದಿನಲ್ಲಿ ಟೆನಿಸ್ ಆಡುತ್ತಿದ್ದರು, ಆಮೇಲೆ ಈ ಕಡೆ ಬಂದರು.

ಅಡಕೆ ಅಂಗಳ
ಎಲ್ಲರೂ ಶಟ್ಲ್ ಶಟ್ಲ್ ಎಂದು ಕುಣಿಯುತ್ತೀರಿ. ನಮ್ಮ ಕಾಲದಲ್ಲಿ ಬ್ಯಾಡ್ಮಿಂಟನ್ ಎಂದರೆ ಬಾಲ್ ಬ್ಯಾಡ್ಮಿಂಟನ್. ಹಳದಿ ಉಣ್ಣೆ ಚೆಂಡು, ಒಂದೊಂದು ಕಡೆ ಐದು ಜನ. ಶಾಲೆಯ ಹಿಂದಿನ ಮೈದಾನದಲ್ಲಿ ಸಂಜೆ ನಾಲ್ಕಕ್ಕೆ ಶುರುವಾದರೆ ಕಣ್ಣು ಕಾಣದಷ್ಟು ಕತ್ತಲಾಗುವವರೆಗೆ. ಅದಕ್ಕೆ ಯಾರೂ ಇಂಗ್ಲೆಂಡ್ ಎನ್ನಲಿಕ್ಕೆ ಆಗುವುದಿಲ್ಲ. ಪಕ್ಕಾ ನಮ್ಮದೇ ಆಟ.

ನಿವೃತ್ತ ಡ್ರಿಲ್ ಮಾಷ್ಟ್ರು
ಇದು ಸರಿಯಾದ ಮಾತು. ಬಾಲ್ ಬ್ಯಾಡ್ಮಿಂಟನ್ನಿನ ಮೂಲ ತಂಜಾವೂರು. 1856ರ ಹೊತ್ತಿಗೇ ಅಲ್ಲಿಯ ಅರಮನೆಯವರು ಆಡುತ್ತಿದ್ದರು ಎಂದು ಹೇಳುತ್ತಾರೆ. ಇದರ ಫೆಡರೇಶನ್ ಆದದ್ದು 1954ರಲ್ಲಿ. ಕೋರ್ಟ್ 24 ಮೀಟರ್ ಉದ್ದ, 12 ಮೀಟರ್ ಅಗಲ. ಶಟ್ಲ್ ಕೋರ್ಟ್ 13.4 ಮೀಟರ್ ಉದ್ದ, 6.1 ಅಗಲ ಮಾತ್ರ. ಚೆಂಡು 27ರಿಂದ 30 ಗ್ರಾಂ ತೂಗುತ್ತದೆ, ಶಟ್ಲ್ ಐದು ಗ್ರಾಂ ಆಸುಪಾಸು. ಮೊದಲು 29 ಅಂಕಕ್ಕೆ ಆಟ ಇತ್ತು, ಆಮೇಲೆ 35 ಮಾಡಿದರು.

ನನ್ನ ಅಭಿಪ್ರಾಯ ಹೇಳುತ್ತೇನೆ. ನಮ್ಮ ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸ್ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇತ್ತು. ತಂಜಾವೂರೂ ಅದೇ ಮದ್ರಾಸಿನದ್ದು. ಶಾಲೆಯ ಪಾಠ, ಪರೀಕ್ಷೆ, ಡ್ರಿಲ್ ಎಲ್ಲ ಅಲ್ಲಿಂದಲೇ ಬರುತ್ತಿತ್ತು. ಉಣ್ಣೆ ಚೆಂಡು ನಮ್ಮ ಹಳೇ ಶಾಲೆಗಳಿಗೆ ಆ ದಾರಿಯಲ್ಲೇ ಬಂದಿರಬೇಕು.

ಜತ್ತದವ
ಮಾಷ್ಟ್ರೇ, ತಂಜಾವೂರಿನ ಆ ರಾಜರು ಯಾರು ಗೊತ್ತುಂಟಲ್ಲ? ಭೋಸಲೆಗಳು. ಮರಾಠರು. ಎಲ್ಲಿಗೆ ಹೋದರೂ ಮಹಾರಾಷ್ಟ್ರ ಬಿಡುವುದಿಲ್ಲ ನಿಮ್ಮನ್ನು 😂

ಗಡಿನಾಡಿಗ 56
ನೋಡಿದಿರಾ ಅಕ್ಕ?

ನೀರ್ಚಾಲು ಅಕ್ಕ
ನೋಡಿದೆ. ಅದು ಬೇರೆ ಆಟ.

ಉಪ್ಪಳ ಗಾಳಿ
ಉಣ್ಣೆ ಚೆಂಡು ಯಾಕೆ ಬಂತು ಎಂದು ತಿಳಿಯಲಿಕ್ಕೆ ಚರಿತ್ರೆ ಬೇಡ, ನಮ್ಮ ಉಪ್ಪಳದ ಕಡಲ ಬದಿಗೆ ಮಧ್ಯಾಹ್ನ ಮೂರಕ್ಕೆ ಬನ್ನಿ. ಇಲ್ಲಿ ಸರ್ವಿಸ್ ಹೊಡೆದರೆ ಶಟ್ಲ್ ಹೋಗಿ, ನಿಂತು, ಆಲೋಚನೆ ಮಾಡಿ, ವಾಪಸು ನಿಮ್ಮ ತಲೆಯ ಮೇಲೆಯೇ ಬೀಳುತ್ತದೆ. ಉಣ್ಣೆ ಚೆಂಡಿಗೆ ಆ ಸಮಸ್ಯೆ ಇಲ್ಲ. ಬ್ರಿಟಿಷರ ಕಾಲದಲ್ಲೂ ಗಾಳಿ ಮಳೆ ಇರುವಾಗ ಉಣ್ಣೆ ಚೆಂಡಿನಲ್ಲಿ ಆಡುತ್ತಿದ್ದರಂತೆ. ಇಂಗ್ಲೆಂಡಿನವರು ಗಾಳಿ ತಪ್ಪಿಸಲಿಕ್ಕೆ ಆಟವನ್ನು ಮನೆಯೊಳಗೆ ಕೊಂಡುಹೋದರು, ನಮ್ಮವರು ಚೆಂಡನ್ನೇ ಬದಲಾಯಿಸಿದರು. ನನಗೆ ಎರಡನೆಯದೇ ಜಾಸ್ತಿ ಬುದ್ಧಿವಂತಿಕೆ ಅನಿಸುತ್ತದೆ, ಖರ್ಚು ಕಡಿಮೆ.

ನಾವು ಗದ್ದೆ ಕೊಯ್ಲು ಮುಗಿದ ಮೇಲೆ ರಾತ್ರಿ ಎಂಟರ ನಂತರ ಆಡುತ್ತೇವೆ, ಗಾಳಿ ಬಿದ್ದಿರುತ್ತದೆ. ಅಡಕೆ ಮರದ ಎರಡು ಕಂಬ, ಸುಣ್ಣದ ಗೆರೆ, ನಾಲ್ಕು ಲೈಟು. ಕೊಯ್ದ ಪೈರಿನ ಕೂಳೆ ಕೆತ್ತಿ ನೆಲ ತಟ್ಟಿ ಸೆಗಣಿ ಸಾರಿಸಿದರೆ ಕೋರ್ಟ್ ಕಾಲಿಗೆ ಎಷ್ಟು ಹಿತ ಎಂದರೆ, ಸಿಮೆಂಟಿನಲ್ಲಿ ಆಡಿ ಮೊಣಕಾಲು ಕಳಕೊಂಡವರಿಗೆ ಮಾತ್ರ ಗೊತ್ತಾಗುತ್ತದೆ. ಒಂದೇ ಉಪದ್ರ, ಮೇಲೆ ನೋಡಿ ಸ್ಮ್ಯಾಶ್ ಹೊಡೆಯುವಾಗ ಲೈಟಿನ ಹುಳ ಬಾಯಿಗೆ ಬರುತ್ತದೆ.

ಸುಮ್ನೆ ಓದುವವ
ಹುಳದ ವಿಷಯ ಹೌದು 😭

ಅಡಕೆ ಅಂಗಳ
ನಮ್ಮಲ್ಲಿ ಅಡಕೆ ಹಾಕುವ ಅಂಗಳವೇ ಕೋರ್ಟ್. ಆದರೆ ಶಟ್ಲ್ ಆಡಲಿಕ್ಕೆ ಒಳ್ಳೇ ಹವೆ ಇರುವ ಡಿಸೆಂಬರಿನಿಂದ ಮೇ ವರೆಗೆ ಅಂಗಳದಲ್ಲಿ ಅಡಕೆ ಇರುತ್ತದೆ, ಅಂಗಳ ಖಾಲಿ ಆಗುವಾಗ ಮಳೆ ಬರುತ್ತದೆ. ಮಕ್ಕಳು ಅಡಕೆಯನ್ನು ಒಂದು ಬದಿಗೆ ಗುಡಿಸಿ ಆಡುತ್ತಾರೆ, ಅಜ್ಜ ಬೈಯುತ್ತಾರೆ.

ಬದಿಯಡ್ಕ ಬ್ಯಾಕ್‌ಹ್ಯಾಂಡ್
ಎಲ್ಲರೂ ವಿಷಯಕ್ಕೆ ಬನ್ನಿ ಮಾರಾಯ್ರೆ, ನನಗೆ ಬರೆದುಕೊಡಲಿಕ್ಕೆ ಉಂಟು. ಪುಣೆಯ ನಂತರ ಎಂತ ಆಯಿತು? ಈಗ ಆಡುವ ನಿಯಮ ಪುಣೆಯದ್ದೇ ಆ?

ನಿವೃತ್ತ ಡ್ರಿಲ್ ಮಾಷ್ಟ್ರು
ಪುಣೆಯ ನಿಯಮದ ಮೇಲೆ ಕಟ್ಟಿದ್ದು. ವಾಪಸು ಹೋದ ಆಫೀಸರುಗಳು 1875ರಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್ನಿನಲ್ಲಿ ಕ್ಲಬ್ ಮಾಡಿದರು. 1877ರಲ್ಲಿ ಬಾತ್ ಎಂಬ ಊರಿನಲ್ಲಿ ಇನ್ನೊಂದು. ಆಗ ಒಂದು ಕಡೆ ಎಷ್ಟು ಜನ ಎನ್ನುವುದಕ್ಕೂ ಗಟ್ಟಿ ಲೆಕ್ಕ ಇರಲಿಲ್ಲ, ನಾಲ್ಕು ಜನರವರೆಗೂ ಆಡುತ್ತಿದ್ದರು. ಶಟ್ಲಿಗೆ ರಬ್ಬರ್ ಸುತ್ತಿ ಸೀಸ ಸೇರಿಸಿ ಭಾರ ಮಾಡುವುದೂ ಇತ್ತು, ಬಯಲಿನಲ್ಲಿ ಆಡುವವರಿಗೆ ಅದು ಬೇಕಲ್ಲ. 1887ರಲ್ಲಿ ಬಾತ್ ಕ್ಲಬ್ಬಿನ ಜೆ. ಎಚ್. ಇ. ಹಾರ್ಟ್ ಎಂಬವರು ಈ ಗೊಂದಲವನ್ನೆಲ್ಲ ಒಂದು ಹದಕ್ಕೆ ತಂದು ನಿಯಮ ತಿದ್ದಿದರು. ಈಗಿನ ಆಟದ ಅಡಿಪಾಯ ಅದು. 1893ರಲ್ಲಿ ಇಂಗ್ಲೆಂಡಿನ ಅಸೋಸಿಯೇಶನ್ ಆಯಿತು, 1899ರಲ್ಲಿ ಮೊದಲ ಆಲ್ ಇಂಗ್ಲೆಂಡ್ ಪಂದ್ಯಾಟ. ಮೊದಲ ವರ್ಷ ಡಬಲ್ಸ್ ಮತ್ತು ಮಿಕ್ಸೆಡ್ ಮಾತ್ರ ಇತ್ತು, ಸಿಂಗಲ್ಸ್ ಸೇರಿದ್ದು ಮರುವರ್ಷ.

1934ರಲ್ಲಿ ಅಂತಾರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಒಂಬತ್ತು ದೇಶ ಸೇರಿ ಮಾಡಿದರು. ಅದರಲ್ಲಿ ಭಾರತ ಇಲ್ಲ. ನಾವು ಸೇರಿದ್ದು 1936ರಲ್ಲಿ.

ಕುಂಬಳೆ ಎಕ್ಸ್‌ಪ್ರೆಸ್
ಪುಣೆಯಲ್ಲಿ ಹುಟ್ಟಿಸಿದವರು ಎರಡು ವರ್ಷ ಲೇಟ್ 😁

ಗಡಿನಾಡಿಗ 56
1934ರಲ್ಲಿ ನಾವು ಗುಲಾಮರಾಗಿದ್ದೆವು ಸ್ವಾಮಿ, ನೆನಪುಂಟಾ?

ಮುಳ್ಳೇರಿಯ ಮಾಣಿ
ಕೋರ್ಟ್ ಮೊದಲು ನಡುವಿನಲ್ಲಿ ಸಪೂರ ಇತ್ತು ಎಂದು ಕೇಳಿದ್ದೇನೆ, ಹೌದಾ?

ನೀರ್ಚಾಲು ಅಕ್ಕ
ಹೌದು ಮಾಣಿ, ಡಮರುಗದ ಹಾಗೆ. ಬಲೆಯ ಹತ್ತಿರ ಸಪೂರ, ಹಿಂದೆ ಹಿಂದೆ ಅಗಲ. ಯಾಕೆ ಎಂದರೆ ದೊಡ್ಡ ಮನೆಯ ಹಾಲಿನಲ್ಲಿ ಆಡುವಾಗ ನಡುವಿನ ಬಾಗಿಲು ಒಳಗೆ ತೆರೆಯುತ್ತಿತ್ತು, ಜನ ಓಡಾಡಲಿಕ್ಕೆ ಜಾಗ ಬಿಡಬೇಕಾಯಿತು ಎಂಬ ಕಥೆ ಉಂಟು. 1901ರಲ್ಲಿ ಅದನ್ನು ಬಿಟ್ಟು ಸೀದಾ ಆಯತ ಮಾಡಿದರು. ಗಡಿನಾಡಿಗರು ಸಿಟ್ಟು ಮಾಡಬಾರದು, ಆದರೆ ಒಂದು ಆಟದ ಕೋರ್ಟಿಗೆ ಅಂಥ ಆಕಾರ ಇದ್ದದ್ದು ನೋಡಿದರೆ ಅದು ಪುಣೆಯ ಬಯಲಿನಲ್ಲಿ ಹುಟ್ಟಿದ ಹಾಗೆ ನನಗಂತೂ ಕಾಣುವುದಿಲ್ಲ. ಬಯಲಿನಲ್ಲಿ ಗೆರೆ ಎಳೆಯುವವರು ಯಾಕೆ ಸೊಂಟ ಸಣ್ಣ ಮಾಡುತ್ತಾರೆ?

ಗಡಿನಾಡಿಗ 56
ಅಕ್ಕ, ಆ ಬಾಗಿಲಿನ ವಿಷಯ ಕಥೆ ಎಂದು ನೀವೇ ಹೇಳಿದಿರಿ. ಪುಣೆಯದ್ದು ಕಥೆ ಆದರೆ ಬೇಡ, ಬಾಗಿಲಿನದ್ದು ಕಥೆ ಆದರೆ ಬೇಕು!

ನೀರ್ಚಾಲು ಅಕ್ಕ
ಬಾಗಿಲು ಕಥೆ ಇರಬಹುದು, ಸೊಂಟ ಕಥೆ ಅಲ್ಲ.

ಸುಮ್ನೆ ಓದುವವ
ಈ ಸಾಲನ್ನು ಮೈಕಿನಲ್ಲಿ ಓದಬೇಡಿ 🤣

ಉಪ್ಪಳ ಗಾಳಿ
ನನಗೆ ಯಾರು ಹುಟ್ಟಿಸಿದರು ಎನ್ನುವುದಕ್ಕಿಂತ ಈ ಶಟ್ಲ್ ಎನ್ನುವ ವಸ್ತುವೇ ಅದ್ಭುತ. ಒಮ್ಮೆ ಹಾಳಾದ ಗರಿ ಶಟ್ಲನ್ನು ಬಿಚ್ಚಿ ನೋಡಿ. ಹದಿನಾರು ಗರಿ, ಅದಕ್ಕಿಂತ ಒಂದು ಹೆಚ್ಚಿಲ್ಲ, ಕಡಿಮೆ ಇಲ್ಲ. ಒಂದರ ಅಂಚು ಇನ್ನೊಂದರ ಮೇಲೆ ಕೂತಿರುತ್ತದೆ, ಎಲ್ಲವೂ ಒಂದೇ ದಿಕ್ಕಿಗೆ. ಎರಡು ಸುತ್ತು ದಾರ, ಮೇಲೆ ಅಂಟು. ಬುಡದಲ್ಲಿ ಬೂಚು, ಅದರ ಮೇಲೆ ತೆಳ್ಳಗಿನ ಚರ್ಮ. ಗರಿಗಳು ಬಾತುಕೋಳಿ ಇಲ್ಲದಿದ್ದರೆ ಹೆಬ್ಬಾತಿನದ್ದು. ಒಂದು ಶಟ್ಲಿಗೆ ಒಂದೇ ಬದಿಯ ರೆಕ್ಕೆಯ ಗರಿ ಹಾಕಬೇಕು, ಒಳ್ಳೆಯದಕ್ಕೆ ಎಡ ರೆಕ್ಕೆಯದ್ದು. ಎಡ ಬಲ ಬೆರಸಿದರೆ ಸರಿಯಾಗಿ ತಿರುಗುವುದಿಲ್ಲ, ಹಾರುವಾಗ ತಡವರಿಸುತ್ತದೆ.

ಬ್ಯಾಟಿಗೆ ತಾಗಿದ ಕೂಡಲೇ ಬೂಚು ಮುಂದೆ ಬರುತ್ತದೆ, ಗರಿಯ ಲಂಗ ಹಿಂದಿನಿಂದ ಗಾಳಿ ಹಿಡಿಯುತ್ತದೆ. ಅದಕ್ಕೇ ಬ್ಯಾಟಿನಿಂದ ಹೊರಟಾಗ ಇದ್ದ ವೇಗ ಬಲೆ ದಾಟುವಾಗ ಇರುವುದಿಲ್ಲ. 2023ರಲ್ಲಿ ನಮ್ಮ ಸಾತ್ವಿಕ್‌ಸಾಯಿರಾಜ್ ಹೊಡೆದ ಸ್ಮ್ಯಾಶ್ ಗಂಟೆಗೆ 565 ಕಿ.ಮೀ. ಎಂದು ಗಿನ್ನೆಸ್ ದಾಖಲೆ ಆಯಿತಲ್ಲ, ಅದು ಬ್ಯಾಟು ಬಿಟ್ಟ ಕ್ಷಣದ ವೇಗ. ಎದುರಿನವನ ಹತ್ತಿರ ಬರುವಾಗ ಅದರ ಎಷ್ಟೋ ಪಾಲು ಗಾಳಿಯಲ್ಲಿ ಕರಗಿರುತ್ತದೆ. ಇಲ್ಲದಿದ್ದರೆ ವಾಪಸು ಹೊಡೆಯುವುದು ಯಾರು?

ಕುಂಬಳೆ ಎಕ್ಸ್‌ಪ್ರೆಸ್
ಗರಿ ಶಟ್ಲ್ ಒಂದು ಡಬ್ಬ ತೆಗೆಯಲಿಕ್ಕೆ ಹೋದರೆ ಅಡಕೆ ಮಾರಬೇಕು ಈಗ. ರೇಟ್ ಏರಿದ್ದೇ ಏರಿದ್ದು. ನಾವು ನೈಲಾನಿಗೆ ಬಂದೆವು.

ಉಪ್ಪಳ ಗಾಳಿ
ಹಬೆ ಕೊಡಿ. ಆಟಕ್ಕೆ ಮೊದಲು ಡಬ್ಬದ ಎರಡೂ ಮುಚ್ಚಳ ತೆಗೆದು ಕುದಿಯುವ ನೀರಿನ ಹಬೆಗೆ ಸ್ವಲ್ಪ ಹೊತ್ತು ಹಿಡಿಯಿರಿ, ಗರಿಯ ಕಡೆಯಿಂದ, ಬೂಚಿಗೆ ತಾಗದ ಹಾಗೆ. ಆಮೇಲೆ ಆರಲಿಕ್ಕೆ ಬಿಡಿ. ಒಣಗಿದ ಗರಿ ಬೇಗ ಮುರಿಯುತ್ತದೆ, ತೇವ ಹಿಡಿದದ್ದು ಬಾಳಿಕೆ ಬರುತ್ತದೆ. ಡಬ್ಬದ ಮೇಲೆ 75, 76, 77 ಎಂದು ನಂಬರ್ ಇರುತ್ತದೆ ನೋಡಿ, ಅದು ವೇಗ. ನಮ್ಮ ಸೆಕೆಗೆ 76 ಸಾಕು. 77, 78 ತಂದರೆ ಎಲ್ಲ ಲೈನಿನ ಹೊರಗೆ. ನೈಲಾನಿನಲ್ಲಾದರೆ ಹಸಿರು ಪಟ್ಟಿ ನಿಧಾನ, ನೀಲಿ ಮಧ್ಯಮ, ಕೆಂಪು ಜೋರು.

ಅಡಕೆ ಅಂಗಳ
ಉಣ್ಣೆ ಚೆಂಡಿಗೆ ಹಬೆ ಬೇಡ, ನಂಬರ್ ಬೇಡ.

ಸುಮ್ನೆ ಓದುವವ
ಪ್ರಕಾಶ್ ಪಡುಕೋಣೆ ಹೆಸರು ಇನ್ನೂ ಬರಲಿಲ್ಲ ಎಂದು ಆಶ್ಚರ್ಯ ಆಗುತ್ತಿದೆ. ಕರಾವಳಿಯವರ ಚರ್ಚೆಯಾ ಇದು?

ಗಡಿನಾಡಿಗ 56
ಬರಲೇಬೇಕಿತ್ತು. ಕುಂದಾಪುರದ ಹತ್ತಿರದ ಪಡುಕೋಣೆಯ ಮನೆತನ, ಹುಟ್ಟಿ ಬೆಳೆದದ್ದು ಬೆಂಗಳೂರು. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಅಸೋಸಿಯೇಶನ್ ಕಟ್ಟಿದವರು. ಮಗ ಆಡಿ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮದುವೆ ಇದ್ದ ದಿನ ಆಟ ಇಲ್ಲ. ಅಂಥ ಜಾಗದಿಂದ ಹೋಗಿ 1980ರಲ್ಲಿ ಆಲ್ ಇಂಗ್ಲೆಂಡ್ ಫೈನಲ್ಲಿನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್‌ನನ್ನು 15-3, 15-10ರಲ್ಲಿ ಸೋಲಿಸಿದರು. ಅವನು ಹಾಲಿ ಚಾಂಪಿಯನ್, ಜಂಪ್ ಸ್ಮ್ಯಾಶಿಗೆ ಹೆಸರಾದವ. ಪ್ರಕಾಶ್ ಜೋರು ಹೊಡೆದು ಗೆದ್ದದ್ದಲ್ಲ, ಹೊಡೆಯಲಿಕ್ಕೆ ಅವನಿಗೆ ಶಟ್ಲೇ ಕೊಡದೆ ಗೆದ್ದದ್ದು. ಮೆಲ್ಲ ಬಲೆಯ ಹತ್ತಿರ ಇಟ್ಟು, ಹಿಂದೆ ಓಡಿಸಿ, ಪುನಃ ಮುಂದೆ ಎಳೆದು.

ನಿವೃತ್ತ ಡ್ರಿಲ್ ಮಾಷ್ಟ್ರು
ಅದಕ್ಕೂ ಮೊದಲು 1947ರಲ್ಲಿ ಲಾಹೋರಿನ ಪ್ರಕಾಶ್ ನಾಥ್ ಎಂಬವರು ಆಲ್ ಇಂಗ್ಲೆಂಡ್ ಫೈನಲ್ ಮುಟ್ಟಿದ್ದರು. ಸ್ವೀಡನ್ನಿನ ಕೊನ್ನಿ ಯೆಪ್ಸೆನ್ ಎದುರು ಸೋತರು. ಆ ಹೆಸರು ಯಾವ ಉದ್ಘಾಟನಾ ಭಾಷಣದಲ್ಲೂ ಬರುವುದಿಲ್ಲ. ಪ್ರಕಾಶ್ ಪಡುಕೋಣೆಯ ನಂತರ ಗೋಪಿಚಂದ್ 2001ರಲ್ಲಿ ಗೆದ್ದರು.

ಮುಳ್ಳೇರಿಯ ಮಾಣಿ
ಕೇರಳದಲ್ಲಿ ಇರುವ ನಾವು ಪ್ರಣಯ್ ಹೆಸರನ್ನು ಬಿಟ್ಟರೆ ಹೇಗೆ? 2022ರ ಥಾಮಸ್ ಕಪ್ಪಿನಲ್ಲಿ, ಅಂದರೆ ಗಂಡಸರ ದೇಶ ತಂಡಗಳ ವಿಶ್ವ ಪಂದ್ಯಾಟದಲ್ಲಿ, ಕ್ವಾರ್ಟರಿನಲ್ಲಿ ಮಲೇಷ್ಯಾ, ಸೆಮಿಯಲ್ಲಿ ಡೆನ್ಮಾರ್ಕ್, ಎರಡರಲ್ಲೂ 2-2 ಆಗಿ ಕೊನೆಯ ಆಟ ಅವರದ್ದೇ. ಎರಡೂ ಗೆದ್ದರು. ಸೆಮಿಯಲ್ಲಿ ಕಾಲು ಜಾರಿ ನೋವು ಮಾಡಿಕೊಂಡೂ ಆಡಿದರು. ಫೈನಲ್ಲಿನಲ್ಲಿ ಇಂಡೋನೇಷ್ಯಾವನ್ನು 3-0 ಮಾಡಿದ್ದರಿಂದ ಅವರು ಇಳಿಯಬೇಕಾಗಿಯೇ ಬರಲಿಲ್ಲ.

ಬದಿಯಡ್ಕ ಬ್ಯಾಕ್‌ಹ್ಯಾಂಡ್
ಸರಿ, ಇಷ್ಟು ಬರೆದಿದ್ದೇನೆ, ನೋಡಿ:

"ಗರಿಯ ಬುರುಡೆಯನ್ನು ಹೊಡೆದು ಆಡುವ ಆಟ ಹಲವು ದೇಶಗಳಲ್ಲಿ ಹಳೆಯದು. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲೂ ಪುಣೆಯ ಸೈನಿಕ ನೆಲೆಯಲ್ಲೂ ಅದಕ್ಕೆ ನಡುವೆ ಹಗ್ಗ, ಬಲೆ ಬಂತು. ಮೊದಲ ನಿಯಮಗಳನ್ನು ಪುಣೆಯಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಮಾಡಿದರು. ಹೆಸರು ಬಂದದ್ದು ಇಂಗ್ಲೆಂಡಿನ ಬ್ಯಾಡ್ಮಿಂಟನ್ ಹೌಸಿನಿಂದ. 1887ರಲ್ಲಿ ಬಾತ್ ಕ್ಲಬ್ಬಿನವರು ನಿಯಮ ತಿದ್ದಿದರು. ಉಣ್ಣೆ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ತಂಜಾವೂರಿನದ್ದು."

ನೀರ್ಚಾಲು ಅಕ್ಕ
ಚೆನ್ನಾಗಿದೆ. ಯಾರೂ ಚಪ್ಪಾಳೆ ಹೊಡೆಯುವುದಿಲ್ಲ, ಆದರೆ ಸರಿ ಇದೆ.

ಗಡಿನಾಡಿಗ 56
"ಪುಣೆಯಲ್ಲೂ" ಎನ್ನುವುದನ್ನು ಮೊದಲು ಹಾಕಿ, "ಇಂಗ್ಲೆಂಡಿನಲ್ಲೂ" ಆಮೇಲೆ ಬರಲಿ. ಅಷ್ಟಾದರೂ ಮಾಡಿ.

ನೀರ್ಚಾಲು ಅಕ್ಕ
ಅಚ್ಚಾದ ಸಾಕ್ಷಿ ಇಂಗ್ಲೆಂಡಿನದ್ದೇ ಹಳೆಯದು. ಅದೇ ಮೊದಲು.

ಜತ್ತದವ
ನಾಟೇಕರ್ ಹೆಸರು ಒಂದು ಸಾಲು ಸೇರಿಸಿ. ಸಾಂಗ್ಲಿ ಎಂದು ಗಟ್ಟಿಯಾಗಿ ಹೇಳಲಿ.

ನಿವೃತ್ತ ಡ್ರಿಲ್ ಮಾಷ್ಟ್ರು
ಒಂದು ವಿಷಯ. ಕಳೆದ ವರ್ಷ ನಿಮ್ಮ ಕ್ಲಬ್ಬಿನಲ್ಲಿ ಸೊಂಟಕ್ಕಿಂತ ಮೇಲಿಂದ ಸರ್ವಿಸ್ ಹೊಡೆದವರನ್ನು ಯಾರೂ ಹಿಡಿಯಲಿಲ್ಲ ಎಂದು ಕೇಳಿದೆ. 2018ರಿಂದ ದೊಡ್ಡ ಪಂದ್ಯಗಳಲ್ಲಿ ನೆಲದಿಂದ 1.15 ಮೀಟರ್ ಎಂದು ಖಚಿತ ಎತ್ತರ ಮಾಡಿದ್ದಾರೆ. ಒಂದು ಕೋಲಿಗೆ ಗುರುತು ಹಾಕಿ ಸರ್ವಿಸ್ ಅಂಪೈರ್ ಕೈಯಲ್ಲಿ ಕೊಡಿ, ಖರ್ಚಿಲ್ಲ.

ಬದಿಯಡ್ಕ ಬ್ಯಾಕ್‌ಹ್ಯಾಂಡ್
ಮಾಷ್ಟ್ರೇ, ಅಂಪೈರ್ ನೀವೇ ಬನ್ನಿ. ಗಾಡಿ ಕಳಿಸುತ್ತೇನೆ.

ನಿವೃತ್ತ ಡ್ರಿಲ್ ಮಾಷ್ಟ್ರು
ಗಾಡಿ ಬೇಡ, ಬಸ್ಸುಂಟು. ರಾತ್ರಿ ವಾಪಸು ಬಿಡುವುದು ಯಾರು ಎಂದು ಹೇಳಿ.

ಕುಂಬಳೆ ಎಕ್ಸ್‌ಪ್ರೆಸ್
ಗರಿಯಾ, ನೈಲಾನಾ ಎಂದು ಯಾರೂ ಹೇಳಲಿಲ್ಲ. ಅದು ಗೊತ್ತಾಗದೆ ನಾವು ತಂಡದ ಹೆಸರು ಕೊಡುವುದಿಲ್ಲ.

ಬದಿಯಡ್ಕ ಬ್ಯಾಕ್‌ಹ್ಯಾಂಡ್
ಲೀಗಿನಲ್ಲಿ ನೈಲಾನ್, ಸೆಮಿಯಿಂದ ಗರಿ. ಶಟ್ಲಿನ ಖರ್ಚು ಎರಡು ತಂಡ ಅರ್ಧ ಅರ್ಧ.

ಕುಂಬಳೆ ಎಕ್ಸ್‌ಪ್ರೆಸ್
ಅರ್ಧ ಅರ್ಧವಾ!! ಪ್ರವೇಶ ಶುಲ್ಕ ಮತ್ತೆ ಯಾಕೆ ತೆಗೆದುಕೊಳ್ಳುವುದು?